ಬೇಲಿ ಬೀಳಿಸಿದ ಕದಿರು

ಇಸವಿ ಎರಡು ಸಾವಿರದ ಮುನ್ನೂರ ಏಳು, ಮಾರ್ಗಶಿರ ಮಾಸ; ಬೇಲಿ ಬಿದ್ದ ಮೂರನೆಯ ದಿನ.

ಹಿಂದಿನ ಕಾಲದ ಹಿರಿಯರೇ,

ನಾನು ನಿಮಗಿಂತ ಸುಮಾರು ಮುನ್ನೂರು ವರ್ಷ ಚಿಕ್ಕವಳು, ಕಡಲಬದಿಯ ಕೆರೆಗದ್ದೆ ಊರಿನ ಮಾದೇವಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಮನ್ನಿಸಿ. ದೂರ ನಡೆದರೆ ಮಾತೂ ಸವೆಯುತ್ತದೆ.

ನಮ್ಮೂರ ಅಣುಸ್ಥಾವರ ಕೆಲಸ ನಿಲ್ಲಿಸಿ ಎಪ್ಪತ್ತು ವರ್ಷವಾದರೂ ಅದರ ಬೇಲಿಯೊಳಗೆ ಸೇರಿದ್ದ ನಮ್ಮ ಗದ್ದೆಗಳು ಮರಳಿರಲಿಲ್ಲ. ಮರಳಬೇಕಾದರೆ ‘ಉಸಿರೆಣಿಕೆ’ ಸರಿಬರಬೇಕಿತ್ತು. ನಿಂತ ಸ್ಥಾವರದಿಂದ ಇನ್ನೂ ಗಾಳಿಗೆ ಸೋರುತ್ತಿದ್ದ ವಿಕಿರಣಶೀಲ ಇಂಗಾಲವನ್ನು ಎಣಿಸುವುದಕ್ಕೆ ನಾವಿಟ್ಟ ಹೆಸರು ಅದು. ಭತ್ತ ಗಾಳಿ ಕುಡಿದು ಬೆಳೆಯುವುದರಿಂದ ಆಯಾ ವರ್ಷದ ಗಾಳಿಯ ಗುರುತು ಕದಿರಿನಲ್ಲೇ ಉಳಿಯುತ್ತದೆ. ಹೊಸ ಬೆಳೆಯ ಹಬ್ಬವಾದ ಹೊಸ್ತಿನ ದಿನ ಬಾಗಿಲಿಗೆ ಕಟ್ಟಿದ ಕದಿರನ್ನು ತಿಂಗಳ ಮೇಲೆ ಎಣಿಕೆಮನೆಗೆ ಕೊಡುವುದು ನಮ್ಮ ಪದ್ಧತಿ. ಬೇಲಿಯಂಚಿನ ಕದಿರು ದೂರದ ಘಟ್ಟದ ಕದಿರಿಗೆ ಸಮ ಬಂದರೆ ಬೇಲಿ ತೆಗೆಯಬಹುದು.

ಬೇಲಿಯಂಚಿನ ಗದ್ದೆ ಹೊನ್ನಜ್ಜಿಯದು. ಈ ವರ್ಷ ಅವಳ ಕದಿರಿನ ಎಣಿಕೆ ಘಟ್ಟದ್ದಕ್ಕಿಂತಲೂ ಕಡಿಮೆ ಬಂತು. ಊರೆಲ್ಲ ಕುಣಿಯಿತು. ಎಣಿಸುವ ಕುಸುಮಾಕ್ಷಿ ಮಾತ್ರ ಕುಣಿಯಲಿಲ್ಲ.

“ಅಜ್ಜೀ, ಈ ಲೆಕ್ಕದಲ್ಲಿ ನಿನ್ ಭತ್ತಕ್ಕೆ ನಾಲ್ಕು ಸಾವ್ರ ವರ್ಷ ಆಯ್ತು ಮಾರಾಯ್ತಿ!”

“ಅಷ್ಟ್ ಹಳೇದು ನಾನೊಬ್ಳೇ ಅಂದ್ಕಂಡಿದ್ದೆ,” ಎಂದ ಅಜ್ಜಿ, ಆಮೇಲೆ ತಲೆ ತಗ್ಗಿಸಿದಳು. “ಹುಳ ಹಿಡೀತದೆ ಅಂತ ಚಿಮಣಿ ಎಣ್ಣೆ ಸವರಿದ್ದೆ ಮಗಾ.”

ಮುತ್ತಜ್ಜಿಯರ ಕಾಲದಿಂದ ಬಂದ ಸೀಮೆಎಣ್ಣೆಯ ಸೀಸೆ ಅದು. ಆ ಇಂಗಾಲ ಕಾಲ ಕಳೆದಂತೆ ಅಳಿಯುತ್ತ ಹೋಗುತ್ತದೆ; ನೆಲದಾಳದ ಎಣ್ಣೆಯಲ್ಲಿ ಯುಗಗಳ ಹಿಂದೆಯೇ ಅಳಿದಿರುತ್ತದೆ. ಎಣ್ಣೆ ಬೆರೆತರೆ ಎಣಿಕೆ ಇಳಿದುಬಿಡುತ್ತದೆ.

“ಸುಮ್ನಿದ್ದಿದ್ರೆ ಗದ್ದೆ ಬರ್ತಿತ್ತಲ್ಲ ಅತ್ಗೆ!” ಎಂದು ಮೈದುನ ತಿಮ್ಮಣ್ಣ ಹಣೆ ಚಚ್ಚಿಕೊಂಡ.

“ಸುಳ್ಳು ಲೆಕ್ಕದ ಅನ್ನಾನ ಮೊಮ್ಮಕ್ಕಳಿಗೆ ಹ್ಯಾಂಗೆ ಬಡಿಸ್ಲೋ?” ಎಂದವಳೇ, ಅದೇ ಬೆಳೆಯಿಂದ ಬೀಜಕ್ಕೆಂದು ಹುಲ್ಲಿನಲ್ಲಿ ಸುತ್ತಿ ಕಟ್ಟಿಟ್ಟಿದ್ದ ಮುಡಿಯನ್ನು ಬಿಚ್ಚಿ, ಎಣ್ಣೆ ಸೋಕದ ಬೊಗಸೆ ಭತ್ತವನ್ನು ಕುಸುಮಾಕ್ಷಿಗೆ ತೆಗೆದುಕೊಟ್ಟಳು.

ಒಂಬತ್ತು ದಿನ ಊರೆಲ್ಲ ಎಣಿಕೆಮನೆಯ ಬಾಗಿಲು ಕಾಯಿತು. ಹತ್ತನೆಯ ದಿನ ಎಣಿಕೆ ಬಂತು: ಘಟ್ಟಕ್ಕೂ ನಮಗೂ ಸಮಸಮ! ಬೇಲಿಯ ಮೊದಲ ಕಂಬ ಕಿತ್ತವನು ಅದೇ ತಿಮ್ಮಣ್ಣ. ಯಾರ ನೆನಪಿಗೂ ಎಟುಕದಷ್ಟು ವರ್ಷಗಳ ಮೇಲೆ ಆ ಮಣ್ಣಿಗೆ ಮೊದಲ ಹಿಡಿ ಉದ್ದು ಎರಚಿದವಳು ಹೊನ್ನಜ್ಜಿ.

ಹಿರಿಯರೇ, ಒಂದು ಕೋರಿಕೆ. ಈ ವರ್ಷದ ಹೊಸ್ತಿಗೆ ಒಂದು ಕದಿರು ಹೆಚ್ಚಿಗೆ ಕಟ್ಟಿ, ಪಕ್ಕದಲ್ಲಿ ಇಸವಿ ಬರೆದಿಡಿ. ನೀವು ಉಸಿರಾಡಿದ ಗಾಳಿಯನ್ನು ಎಣಿಸಿ ನೋಡುವ ಆಸೆ ನಮಗೆ. ಹುಳ ಅರ್ಧ ತಿಂದರೂ ಚಿಂತೆಯಿಲ್ಲ. ಎಣ್ಣೆ ಮಾತ್ರ ಸವರಬೇಡಿ.