ಅತ್ತೆಯೂ ನಾನೂ ಒಂದೇ ಬೆಂಚಿನಲ್ಲಿ

ಅಡುಗೆಮನೆಯ ಮೇಜು,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ದೊರೆಗಳಿಗೆ,

ಹೇಗಿದ್ದೀರಿ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಮುಂದಿನ ಬಂದರಿನಲ್ಲಿ ಈ ಪತ್ರ ಸಿಕ್ಕಿದ ಕೂಡಲೇ ಒಂದು ಸಾಲಾದರೂ ಬರೆಯಿರಿ. ಮಗಳು ಚೆನ್ನಾಗಿದ್ದಾಳೆ, ಮುಂದಿನ ಹಲ್ಲು ಬಿದ್ದು, ‘ಸ’ ಎನ್ನಲು ಹೋದರೆ ಬರೀ ಗಾಳಿ. ನಿಮ್ಮ ಅಮ್ಮನೂ ಚೆನ್ನಾಗಿದ್ದಾರೆ. ಬಹಳ ಚೆನ್ನಾಗಿದ್ದಾರೆ. ಅದೇ ನನ್ನ ಸಂಕಟ.

ಕಂಪ್ಯೂಟರ್ ಸಹಾಯವಾಣಿಯ ತರಬೇತಿಗೆ ಸೇರಿದ್ದು ನಾನು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಹಿಂದೆಯೇ ಹೊರಟವರು ಅತ್ತೆ. ಮೊದಲ ವಾರ ಮೌಸನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಒತ್ತಿ ಹಿಡಿಯುತ್ತಿದ್ದರು. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು ಹೇಗೆ, ಪ್ರಿಂಟರ್ ಮುನಿಸಿಕೊಂಡರೆ ಮೊದಲು ಏನು ನೋಡಬೇಕು, ಬಂದ ದೂರನ್ನು ಹೇಗೆ ಬರೆದಿಡಬೇಕು, ಎಲ್ಲವನ್ನೂ ನಾನೇ ಹೇಳಿಕೊಟ್ಟೆ. ಪರೀಕ್ಷೆಯಲ್ಲಿ ನನಗೆ ತೊಂಬತ್ತೆರಡು, ಅವರಿಗೆ ಐವತ್ತೊಂದು. ಆಗ ಎಷ್ಟು ಉದಾರವಾಗಿ ಅವರ ಬೆನ್ನು ತಟ್ಟಿದೆ ಗೊತ್ತೇ!

ಆಮೇಲೆ ಬಂತು ಫೋನಿನ ಅಭ್ಯಾಸ. ಪಕ್ಕದ ಕೋಣೆಯಿಂದ ಮೇಷ್ಟ್ರು ಕಂಪ್ಯೂಟರ್ ಕೆಟ್ಟು ಕಂಗಾಲಾದ ಆಸ್ಪತ್ರೆಯ ನರ್ಸಮ್ಮನ ದನಿಯಲ್ಲಿ ಕರೆ ಮಾಡುತ್ತಾರೆ, ನಾವು ಸರಿಪಡಿಸಬೇಕು. ನಾನು ಎರಡೇ ನಿಮಿಷದಲ್ಲಿ ಕಾರಣ ಹಿಡಿದೆ. ಮೇಷ್ಟ್ರು ಹೊರಗೆ ಬಂದು, “ನಿಮ್ಮ ಹತ್ರ ಬೈಸಿಕೊಂಡ ಹಾಗಾಯ್ತಮ್ಮಾ” ಎಂದರು. ನಂತರ ಅತ್ತೆ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರ ಗಂಟಲು ಅದು, ನಿಮಗೆ ಹೇಳಬೇಕೇ. “ಗಾಬರಿ ಬೇಡಮ್ಮಾ, ನಾನು ಫೋನ್ ಇಡಲ್ಲ. ಪರದೆ ಮೇಲೆ ಏನಿದೆ, ನಿಧಾನಕ್ಕೆ ಓದಿ ಹೇಳಿ.” ಹನ್ನೊಂದು ನಿಮಿಷ! ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ, ಪುಸ್ತಕ ತಿರುವಿ ಉತ್ತರ ಕೊಟ್ಟರು. ಇಡೀ ತರಗತಿ ಚಪ್ಪಾಳೆ. ನಾನೂ ತಟ್ಟಿದೆ, ಅಂಗೈ ಉರಿಯುವಷ್ಟು. ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಅಂದಿನಿಂದ ಅವರು ಎಲ್ಲರಿಗೂ ‘ಹಲೋ ಅಮ್ಮ’. ನಾನು ‘ಹಲೋ ಅಮ್ಮನ ಸೊಸೆ’. ಆಸ್ಪತ್ರೆಯ ಸಹಾಯವಾಣಿಯಲ್ಲಿ ಒಂದೇ ಒಂದು ಜಾಗ ಖಾಲಿಯಿದೆ, ಇಬ್ಬರೂ ಅರ್ಜಿ ಹಾಕಿದ್ದೇವೆ. ಮದುವೆಯಾದ ಮೇಲೆ ನನ್ನದು ಅಂತ ಇಟ್ಟುಕೊಂಡ ಆಸೆ ಇದೊಂದೇ. ಅದರೊಳಕ್ಕೂ ಬಂದು ಕೂತುಬಿಟ್ಟರಲ್ಲ ಎನಿಸಿ ನಿನ್ನೆ ಅವರ ಮುಂದೆ ಲೋಟ ಕುಕ್ಕಿ ಇಟ್ಟೆ. “ಕೈ ಜಾರ್ತಾ?” ಎಂದರು. ಹೌದೆಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗಳ ಮುತ್ತು ಇದರ ಜೊತೆಗಿದೆ.

ಇಂತಿ ನಿಮ್ಮ,
ಉರಿಮೂತಿಯವಳು

ಅವಸರದಲ್ಲಿ ಇನ್ನೊಂದು: ಅತ್ತೆಗೆ ಸಂದರ್ಶನದ ಕರೆ ಬಂದು ಮೂರು ದಿನವಾಯಿತು. ನನಗೆ ಬಂದಿಲ್ಲ. ಅವರ ಅರ್ಜಿಯಲ್ಲಿ ನನ್ನ ನಂಬರ್ ಇತ್ತು. ಅವರಿಗೆ ಹೇಳದೆ ಸಂದೇಶ ಓದಿ ಅಳಿಸಿಬಿಟ್ಟಿದ್ದೆ. ಸಂದರ್ಶನ ನಾಳೆ ಬೆಳಿಗ್ಗೆ. ಇದನ್ನು ನಿಮಗೆ ಬರೆಯದೆ ಪತ್ರ ಮಡಿಸಲು ಹೋದೆ, ಆಗಲಿಲ್ಲ. ಎದ್ದು ಹೋಗಿ ಅವರಿಗೇ ಹೇಳಿದೆ. ಎದ್ದು ಪಾಠದ ಪುಸ್ತಕ ತಂದು ಮುಂದಿಟ್ಟರು. ಆಮೇಲೆ, “ಸಿಟ್ಟು ನಾಳೆ ಸಂಜೆಗೆ ಇಟ್ಕೋತೀನಿ. ಈಗ ಬಾ, ಆ ವೈರಸ್ ಪಾಠ ನನ್ನ ತಲೆಗೆ ಹತ್ತಿಲ್ಲ, ಇನ್ನೊಂದ್ಸಲ ಹೇಳ್ಕೊಡು” ಎಂದರು. ಹೊರಟೆ. ಒಂದು ಪುಟವನ್ನೂ ಹಾರಿಸದೆ ಹೇಳಿಕೊಡುತ್ತೇನೆ. ಆದರೂ ಹಾರಿಸಬೇಕೆಂದು ಈಗಲೂ ಅನಿಸುತ್ತಿದೆ.