ತುಂಬಿದ ಹೊಟ್ಟೆಯ ಸದ್ದು

ಮಾರ್ಚ್ ೧೪, ಗುರುವಾರ. ನರ್ಸಿಂಗ್ ತರಗತಿಯಲ್ಲಿ ಹೇಳಿಕೊಟ್ಟಂತೆ ರೋಗಿಯ ಹೊಟ್ಟೆ ತಟ್ಟಿ ಸದ್ದು ಗುರುತಿಸುವುದು ಮೂರು ವಾರದಿಂದ ನನ್ನ ತಲೆಗೆ ಹತ್ತಿರಲಿಲ್ಲ. ಇವತ್ತು ಹತ್ತಿತು!

ವಾರ್ಡಿನಲ್ಲಿ ನಿನ್ನೆ ಸೊಂಟದ ಆಪರೇಷನ್ ಆದ ಅಜ್ಜ ಒಂದೇ ಸಮನೆ ನರಳುತ್ತಿದ್ದರು.

"ಗಾಯದ ನೋವು, ಇಂಜೆಕ್ಷನ್ ಕೊಡೋಣ," ಎಂದರು ಸಿಸ್ಟರ್.

ನಾನು ಅಜ್ಜನನ್ನು ಕೇಳಿಕೊಂಡು ಹೊಟ್ಟೆ ತಟ್ಟಿದೆ. ಮೇಲೆಲ್ಲ ಖಾಲಿ ಡಬ್ಬಿಯ ಸದ್ದು. ಹೊಕ್ಕುಳ ಕೆಳಗೆ ಮಾತ್ರ ತುಂಬಿದ ಕೊಡದ ಹಾಗೆ ಮಂದ.

"ಸಿಸ್ಟರ್, ಮೂತ್ರ ಕಟ್ಟಿದೆ ಅನ್ಸುತ್ತೆ."

"ಮೂತ್ರಕ್ಕೆ ಟ್ಯೂಬ್ ಹಾಕಿದೆಯಲ್ಲೇ!"

ಹೊದಿಕೆ ಸರಿಸಿದೆ. ಟ್ಯೂಬು ಅಜ್ಜನ ತೊಡೆಯಡಿ ಮಡಚಿಕೊಂಡಿತ್ತು. ಬಿಡಿಸಿದ್ದೇ ತಡ, ಮೂತ್ರದ ಚೀಲ ತುಂಬತೊಡಗಿತು.

"ಅಬ್ಬಾ, ಜೀವ ಬಂತು ಮಗಳೇ!"

ಸಿಸ್ಟರ್ ಇಂಜೆಕ್ಷನ್ ಎತ್ತಿಟ್ಟು, ಪಕ್ಕದ ಹಾಸಿಗೆಯತ್ತ ಕೈ ತೋರಿಸಿದರು. "ಅವರದ್ದೂ ಒಮ್ಮೆ ತಟ್ಟಿ ನೋಡು."

ಸಿಸ್ಟರೇ ನನ್ನನ್ನು ಕೇಳಿದರು! ನಾಳೆ ಎದೆಯ ಸದ್ದು ಕೇಳುವ ಪಾಠ. ಕಣ್ಣು ಎಳೆಯುತ್ತಿದೆ, ಆದರೆ ನಿದ್ದೆ ಎಲ್ಲಿಂದ ಬರಬೇಕು!