ಜಾಡಿಯ ಬಾಯಿಗೆ ಕಟ್ಟಿದ ದಾರ

ಅತ್ತೆ,

ನಾನು ರತ್ನ, ನಿಮ್ಮ ಸೊಸೆ. ಮೊನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀವು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿದ್ದಿರಿ. ಉಪ್ಪಿನಕಾಯಿಯ ದೊಡ್ಡ ಪಿಂಗಾಣಿ ಜಾಡಿ ಎದುರಿಗಿತ್ತು. ಬಲಗೈಯನ್ನು ಮೊಳಕೈವರೆಗೆ ಅದರೊಳಗೆ ಇಳಿಬಿಟ್ಟು ಏನೋ ತಡಕುತ್ತಿದ್ದಿರಿ. "ಏನತ್ತೆ ಹುಡುಕ್ತಿದೀರಾ?" ಅಂದೆ. "ನನ್ ಕೈ ಕಣೇ, ಇದ್ರಾಗೇ ಬಿದ್ದೋಯ್ತು" ಅಂದಿರಿ. ಆಮೇಲೆ ತೋಳು ಮೇಲೆತ್ತಿದಾಗ... ಬೇಡ, ಅದನ್ನು ಬರೆಯುವುದಿಲ್ಲ. ಎದ್ದು ದೀಪ ಹಾಕಿ ಅಡುಗೆಮನೆಯ ಮೂಲೆ ನೋಡಿದೆ. ಜಾಡಿ ಇಟ್ಟಲ್ಲೇ ಇತ್ತು. ಬಾಗಿಲ ಚಿಲಕ ನೋಡಿದೆ. ಮತ್ತೆ ಜಾಡಿ ನೋಡಿದೆ. ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತ ಹೇಳುತ್ತಿದ್ದವರು ನೀವೇ. ತೀರಿಹೋದವರ ಬಗ್ಗೆ ಬಿದ್ದ ಕನಸು ಇನ್ನು ಹೇಗೆ ನಿಜವಾಗುತ್ತೆ? ಅದನ್ನು ಮಾತ್ರ ನೀವು ಹೇಳಿಕೊಟ್ಟಿರಲಿಲ್ಲ.

ಚಿಂತಾಮಣಿಯಿಂದ ನಿಮ್ಮ ತಂಗಿಯ ಕಾಗದ ಬಂದಾಗ ನಾನೇ ಓದಿ ಹೇಳುತ್ತಿದ್ದೆನಲ್ಲ, ಅದು ನೆನಪಾಯಿತು. ನಿಮಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಬಂದದ್ದೂ ಅಷ್ಟಕ್ಕಷ್ಟೇ. ತಮ್ಮ ಹುಟ್ಟಿದಾಗ ಅವನನ್ನು ಎತ್ತಿಕೊಳ್ಳಲು ಸ್ಕೂಲು ಬಿಡಿಸಿದರು, ಎರಡು ವರ್ಷ ಬಿಟ್ಟು ಸೇರಿಸಿದರು, ಆರನೇ ಕ್ಲಾಸಿನಲ್ಲಿ ಮತ್ತೆ ಬಿಡಿಸಿದರು. ಕಾಗದದಲ್ಲಿ ಕೆಟ್ಟ ಸುದ್ದಿಯ ಸಾಲು ಬಂದರೆ ನಾನು ಗಂಟಲು ಸರಿಮಾಡಿಕೊಂಡಂತೆ ಮಾಡಿ ಅದನ್ನು ದಾಟಿಬಿಡುತ್ತಿದ್ದೆ. ನೀವು ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ, "ಅದೇನ್ ನುಂಗ್ದೆ? ಅದ್ನೂ ಓದವ್ವ" ಅನ್ನುತ್ತಿದ್ದಿರಿ. ಅಕ್ಷರ ಬಾರದವರಿಗೆ ಅದು ಹೇಗೆ ಗೊತ್ತಾಗುತ್ತಿತ್ತು? ಈಗ ಈ ಕಾಗದವನ್ನು ನಿಮಗೆ ಅಲ್ಲಿ ಯಾರು ಓದಿ ಹೇಳುತ್ತಾರೋ ಅನ್ನುವುದೂ ನನಗೊಂದು ಯೋಚನೆ. ನಮ್ಮ ಕಡೆಯವರು ಯಾರಾದರೂ ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಲು ಹೇಳಿ. ಮುಂದಿನದು ನಿಮಗೊಬ್ಬರಿಗೆ.

ಆ ಜಾಡಿಯ ವಿಷಯ. ಬೇಸಿಗೆ ಬಂತೆಂದರೆ ಯಲಹಂಕದ ನಮ್ಮ ಬೀದಿಯಲ್ಲಿ ನಿಮ್ಮ ಕಾಲು ನಿಲ್ಲುತ್ತಿರಲಿಲ್ಲ. ಬಾಗಲೂರು ಕಡೆಯ ತೋಟದಿಂದ ಗಾಡಿಯಲ್ಲಿ ಮಾವಿನಕಾಯಿ ಬರುತ್ತಿದ್ದಂತೆ ಒಂದೊಂದೇ ಮನೆಯವರು ಬಂದು ಕರೆಯುತ್ತಿದ್ದರು. ಹೆಚ್ಚುವುದು, ಒರೆಸುವುದು ಎಲ್ಲ ಅವರದೇ. ಮೊದಲ ಹಿಡಿ ಉಪ್ಪು ಮಾತ್ರ ನಿಮ್ಮ ಕೈಯಿಂದ ಬೀಳಬೇಕು. ನಿಮ್ಮ ಕೈಗುಣದಿಂದ ಹಾಕಿದ್ದು ಎರಡು ವರ್ಷ ಕೆಡುವುದಿಲ್ಲ ಅಂತ ಎಲ್ಲರಿಗೂ ನಂಬಿಕೆ. ಎದುರು ಮನೆಯ ಮೆಹರುನ್ನಿಸಾ ಅಂತೂ ತನ್ನ ಕಾಯಿಗಳನ್ನೆಲ್ಲ ನಮ್ಮ ಮನೆಗೇ ತಂದು ಸುರಿದುಬಿಡುತ್ತಿದ್ದಳು. "ಅಮ್ಮಾ, ನಿಮ್ದೂ ನಮ್ದೂ ಒಂದೇ ಜಾಡಿಗೆ ಹಾಕ್ಬಿಡಿ. ನಾನು ಹಾಕಿದ್ರೆ ನಮ್ಮನೆಯವ್ರು ಒಂದು ತುತ್ತು ತಿಂದು, ಯಾ ಅಲ್ಲಾ ಅಂತ ನೀರು ಕೇಳ್ತಾರೆ" ಅನ್ನುತ್ತಿದ್ದಳು. ನೀವು ನಕ್ಕು, "ನಿನ್ ಗಂಡಂಗೆ ನಾಲ್ಗೆ ಉದ್ದ ಕಣೇ, ಅದ್ಕೇ ಖಾರ ಜಾಸ್ತಿ ಮುಟ್ತೈತೆ" ಅಂದದ್ದು ಈಗಲೂ ಕಿವಿಯಲ್ಲಿದೆ. ಉಪ್ಪು ಹಾಕಿ ಬಂದ ಸಂಜೆ ನೀವು ಬಲಗೈಯನ್ನು ಮೂಸಿಕೊಂಡು ಜಗುಲಿಯ ಮೇಲೆ ಕೂರುತ್ತಿದ್ದಿರಿ. ಮುಖ ನೋಡಿದರೆ ಮದುವೆ ಮಾಡಿಸಿ ಬಂದವರ ಹಾಗೆ ಇರುತ್ತಿತ್ತು.

ನನಗೆ ಮಾತ್ರ ನೀವು ಜಾಡಿ ಮುಟ್ಟಲು ಬಿಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ನನ್ನ ಬುದ್ಧಿ ಗೊತ್ತಿದ್ದರಿಂದ. ಸೀಮೆಎಣ್ಣೆ ಸ್ಟವ್ ಆರಿದೆಯಾ ಅಂತ ಮೂರು ಸಲ ನೋಡುವವಳು ನಾನು. ಹಾಲು ಹೆಪ್ಪಾಯಿತಾ ಅಂತ ಗಂಟೆಗೊಮ್ಮೆ ಪಾತ್ರೆ ಅಲ್ಲಾಡಿಸಿ ಮೊಸರೇ ಆಗದಂತೆ ಮಾಡುವವಳು. ಮಧ್ಯಾಹ್ನ ಮನಸ್ಸು ನಿಲ್ಲಲಿ ಅಂತ ನೀವೇ ನಿಮ್ಮ ಮಗನಿಗೆ ಹೇಳಿ ಪ್ಲಾಸ್ಟಿಕ್ ವೈರು ತರಿಸಿಕೊಟ್ಟಿರಿ. ಬ್ಯಾಗು ಹೆಣೆಯುವುದನ್ನು ಕಲಿತೆ. ಹಸಿರು ಬಿಳಿ, ಕೆಂಪು ಹಳದಿ, ಎಷ್ಟು ಹೆಣೆದೆನೋ. ಒಂದೊಂದು ಗಂಟನ್ನೂ ಬೆರಳು ಕೆಂಪಾಗುವವರೆಗೆ ಜಗ್ಗುತ್ತಿದ್ದೆ. "ಬ್ಯಾಗ್ ಎಣೀತಿದೀಯೋ, ಕಳ್ಳನ್ನ ಕಟ್ಟಾಕ್ತಿದೀಯೋ?" ಅನ್ನುತ್ತಿದ್ದಿರಿ. ನಿಮ್ಮ ಗಂಟು ಬೇರೆಯೇ. ಜಾಡಿಯ ಬಾಯಿಗೆ ಹಳೆ ಪಂಚೆಯ ತುಂಡು ಮುಚ್ಚಿ, ದಾರ ಸುತ್ತಿ, ಹೂ ಕಟ್ಟಿದಷ್ಟು ಸಲೀಸಾಗಿ ಒಂದು ಕುಣಿಕೆ ಹಾಕುತ್ತಿದ್ದಿರಿ. ತುದಿ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುತ್ತಿತ್ತು.

ಆ ವರ್ಷ ಕಾಯಿ ಕೀಳುವ ಮುಂಚೆ ಒಂದು ಮಳೆ ಬಿದ್ದಿತ್ತು. ಮಳೆ ಬಿದ್ದ ಕಾಯಿ ಉಪ್ಪಿನಕಾಯಿಗೆ ಆಗುವುದಿಲ್ಲವಂತೆ ಅಂತ ಯಾರೋ ಅಂದದ್ದು ನನ್ನ ತಲೆಯಲ್ಲಿ ಕೂತಿತು. ನೀವು ಎರಡು ದಿನ ಬಟ್ಟೆಯ ಮೇಲೆ ಹರಡಿ, ಒಂದೊಂದನ್ನೂ ಒರೆಸಿ, ಸಾಸಿವೆ ಮೆಂತ್ಯ ಹುರಿದು, ಎಳ್ಳೆಣ್ಣೆ ಕಾಯಿಸಿ ಆರಿಸಿ ಹಾಕಿದಿರಿ. ಜಾಡಿ ಕಟ್ಟಿ, "ಒಂದ್ ತಿಂಗ್ಳು ಇದ್ರ ತಂಟೆಗೆ ಯಾರೂ ಓಗ್ಬ್ಯಾಡಿ" ಅಂದಿರಿ. ಹತ್ತನೇ ದಿನವೋ ಏನೋ, ನೀವು ಮೆಹರುನ್ನಿಸಾಳ ಜೊತೆ ಸಂತೆಗೆ ಹೋಗಿದ್ದಿರಿ. ಮನೆಯಲ್ಲಿ ನಾನೊಬ್ಬಳೇ. ವೈರು ಹೆಣೆಯುತ್ತಾ ಕೂತಿದ್ದೆ. ಜಾಡಿಯಿಂದ ಏನೋ ಹುಳಿ ವಾಸನೆ ಬಂದಂತಾಯಿತು. ಇಲ್ಲ ಅಂದುಕೊಂಡೆ. ಮತ್ತೆ ಬಂದಂತಾಯಿತು. ಕೆಟ್ಟಿದ್ದರೆ? ಈಗಲೇ ಗೊತ್ತಾದರೆ ಎಣ್ಣೆ ಹಾಕಿ ಉಳಿಸಬಹುದಲ್ಲ? ಅತ್ತೆ, ನಾನು ಬಿಚ್ಚಿದೆ. ಮರದ ಸೌಟು ಆಗಷ್ಟೇ ತೊಳೆದಿಟ್ಟದ್ದು. ಸೆರಗಿನಿಂದ ಒರೆಸಿದೆ. ಬಟ್ಟೆ ಒಗೆದು ಬಂದವಳ ಸೆರಗು ಒದ್ದೆಯಾಗಿತ್ತು ಅನ್ನುವುದು ಹೊಳೆಯಲಿಲ್ಲ. ತಳದವರೆಗೆ ಕಲಸಿ ನೋಡಿದೆ. ಘಮ್ಮೆಂದಿತು, ಏನೂ ಕೆಟ್ಟಿರಲಿಲ್ಲ. ಅವಸರದಲ್ಲಿ ಬಟ್ಟೆ ಮುಚ್ಚಿ ದಾರ ಕಟ್ಟಿದೆ. ಕೈಗೆ ಬಂದದ್ದು ನನ್ನ ಬ್ಯಾಗಿನ ಗಂಟು. ಬಿಚ್ಚಿ ನಿಮ್ಮ ಹಾಗೆ ಕಟ್ಟಬೇಕೆಂದು ಜಗ್ಗಿದೆ. ಬರಲಿಲ್ಲ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹಾಗೇ ಬಿಟ್ಟೆ.

ತಿಂಗಳು ತುಂಬಿದ ಮೇಲೆ ಜಾಡಿ ತೆರೆದ ದಿನ ನಿಮಗೆ ನೆನಪಿರದೆ ಇದ್ದೀತೆ? ಮೆಹರುನ್ನಿಸಾ ಡಬ್ಬಿ ಹಿಡಿದು ಬಂದಿದ್ದಳು. ಪಕ್ಕದ ಮನೆಯ ಪುಟ್ಟಮ್ಮನೂ ರುಚಿ ನೋಡಲು ಬಂದು ಕೂತಿದ್ದರು. ನಾನು ಹಿತ್ತಲಲ್ಲಿ, ಬೇಕೆಂದೇ, ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದೆ. ತಡೆಯಲಾರದೆ ಎದ್ದೆ. ಹೋಗಿ ನೋಡಿದರೆ ಜಾಡಿಯ ಮೇಲೆಲ್ಲ ಬಿಳಿ ಬೂಸ್ಟು, ಹತ್ತಿಯಂತೆ. ನೀವು ಬಟ್ಟೆ ಹಿಡಿದುಕೊಂಡು ಕೂತಿದ್ದಿರಿ.

ಪುಟ್ಟಮ್ಮ, "ಅಯ್ಯೋ, ಇಂಗ್ ಬೂಸ್ಟ್ ಬರ್ಬೇಕಾದ್ರೆ ಯಾರೋ ಮುಟ್ಟಿರ್ಬೇಕು. ಸೊಸೇನ ಕೇಳಿ ನೋಡಿ" ಅಂದರು.

ನೀವು ನನ್ನ ಮುಖ ನೋಡಿದಿರಿ. ಅದೇನ್ ನುಂಗ್ದೆ ಅಂತ ಈಗ ಕೇಳುತ್ತೀರಿ ಅಂದುಕೊಂಡೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ದೇವರಾಣೆ. ನೀವು ಕೇಳಲಿಲ್ಲ.

"ನನ್ ಮನೇಲಿ ಜಾಡಿ ಮುಟ್ಟೋಳು ನಾನೊಬ್ಳೇ. ಯಾರ್ನೂ ಅನ್ಬ್ಯಾಡಿ. ನನ್ ಕೈಯೇ ಸತ್ತೋಯ್ತು" ಅಂದಿರಿ.

ಮೆಹರುನ್ನಿಸಾ, "ಹಂಗನ್ಬೇಡಿ ಅಮ್ಮಾ, ಮಳೆ ಕಾಯಿ ಅದು, ಮಳೇದೇ ತಪ್ಪು" ಅಂತ ನಿಮ್ಮ ಕೈ ಹಿಡಿದುಕೊಂಡಳು. ನೀವು ಬಿಡಿಸಿಕೊಂಡಿರಿ. ಖಾಲಿ ಡಬ್ಬಿ ತೆಗೆದುಕೊಂಡು ಅವಳು ಹೋದದ್ದನ್ನು ನಾನು ಬಾಗಿಲ ಹಿಂದಿನಿಂದ ನೋಡಿದೆ. ಸಂಜೆ ನೀವೊಬ್ಬರೇ ಹಿತ್ತಲಿನಲ್ಲಿ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದಿರಿ.

ನಾಳೆ ಹೇಳೋಣ, ನಾಳೆ ಹೇಳೋಣ ಅಂತ ನಾನು ಎಷ್ಟು ನಾಳೆಗಳನ್ನು ಕಳೆದೆ? ಮುಂದಿನ ಬೇಸಿಗೆಗೆ ಬೀದಿಯವರು ಕರೆಯಲು ಬಂದರೆ, "ಮಂಡಿ ನೋವು, ಬರಾಕಾಗಲ್ಲ" ಅಂದಿರಿ. ಮಂಡಿ ನೋವಿರಲಿಲ್ಲ. ಆ ಬೇಸಿಗೆಯಲ್ಲೂ ದೇವಸ್ಥಾನಕ್ಕೆ ನಡೆದೇ ಹೋಗಿ ಬರುತ್ತಿದ್ದಿರಿ. ಮೆಹರುನ್ನಿಸಾ ಕಾಯಿ ತಂದು ಸುರಿದರೆ ಒಂದೊಂದಾಗಿ ವಾಪಸು ಅವಳ ಚೀಲಕ್ಕೇ ತುಂಬಿದಿರಿ. ಆಮೇಲಾಮೇಲೆ ಹುಳಿಗೂ, ಸಾರಿಗೂ, "ಉಪ್ಪು ನೀನೇ ಆಕವ್ವ" ಅನ್ನತೊಡಗಿದಿರಿ. ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಜಗುಲಿಯ ಮೇಲೆ ಕೂತಿರುತ್ತಿದ್ದಿರಿ. ಎರಡು ಬೇಸಿಗೆ ಹಾಗೇ ಹೋದವು. ಮೂರನೆಯದು ಬರುವ ಮುಂಚೆ ನೀವೇ ಹೋದಿರಿ. ಕೊನೆಯ ದಿನ ಬಾಯಿಗೆ ಗಂಜಿ ಹಾಕುವಾಗ ಹೇಳಬೇಕೆಂದಿದ್ದೆ. ನಿಮ್ಮ ಮಗ ಪಕ್ಕದಲ್ಲೇ ಇದ್ದರು. ಸಪ್ಪೆಯಾಯಿತಾ ಅತ್ತೆ, ಅಂತ ಕೇಳಿದೆ. ಅಷ್ಟೇ ಕೇಳಿದ್ದು. ನೀವು ತಲೆಯಾಡಿಸಿದಿರಿ. ಹೂಂ ಅಂತಲೋ, ಉಹೂಂ ಅಂತಲೋ ಇವತ್ತಿಗೂ ಗೊತ್ತಾಗಿಲ್ಲ.

ಈಗ ಮನೆಯಲ್ಲಿ ಗ್ಯಾಸು ಬಂದಿದೆ. ನೀವಿದ್ದಾಗ ಹೆಸರು ಬರೆಸಿದ್ದು, ಈ ವರ್ಷ ಸರದಿ ಬಂತು. ಸೀಮೆಎಣ್ಣೆಗೆ ಕ್ಯೂ ನಿಲ್ಲುವುದು ತಪ್ಪಿತು, ಆದರೆ ಅದರ ತಿರುಪನ್ನು ನಾನು ಎಷ್ಟು ಸಲ ನೋಡುತ್ತೇನೆಂದು ಹೇಳಿದರೆ ನಗುತ್ತೀರಿ. ನಿಮ್ಮ ಮೊಮ್ಮಗಳು ಗೀತಾ ಕಾಲೇಜು ಸೇರಿದ್ದಾಳೆ. ನನಗೂ ಕನ್ನಡಕ ಬಂದಿದೆ, ತಲೆ ಅರ್ಧ ನೆರೆತಿದೆ. ಇವೆಲ್ಲ ಹೇಳಲು ಬರೆಯುತ್ತಿರುವುದಲ್ಲ. ಎರಡು ವಾರದ ಹಿಂದೆ ಮೆಹರುನ್ನಿಸಾ ಬಂದಳು. ಅವಳ ಮಗಳು ಬಸುರಿ, ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಬಾಯಿಗೆ ಏನೂ ರುಚಿಸುವುದಿಲ್ಲವಂತೆ. "ಅಜ್ಜೀದು ಉಪ್ಪಿನಕಾಯಿ ಬೇಕು ಅಂತ ಅಳ್ತಾಳೆ. ಅಮ್ಮನ್ನ ಎಲ್ಲಿಂದ ತರ್ಲಿ ರತ್ನಾ? ನೀನಾದ್ರೂ ಹಾಕು" ಅಂದಳು. ಬೇಡ, ನನ್ನ ಕೈ ಒಳ್ಳೆಯದಲ್ಲ ಅಂದೆ. ನೀವು ಹೇಳಿದ್ದ ಮಾತೇ ನನ್ನ ಬಾಯಲ್ಲಿ ಬಂತು. ಅವಳು ಕೇಳಬೇಕಲ್ಲ! ಚೀಲವನ್ನು ನಮ್ಮ ಹಜಾರದಲ್ಲಿ ಸುರಿದು ಹೋಗಿಯೇ ಬಿಟ್ಟಳು.

ಹಾಗಾಗಿ ಅಟ್ಟದಿಂದ ಜಾಡಿ ಇಳಿಸಿದೆ. ನೀವು ತೊಳೆದು, ಒಣಗಿಸಿ, ಬಾಯಿಗೆ ಬಟ್ಟೆ ಮುಚ್ಚಿ ಇಟ್ಟಿದ್ದದ್ದು. ಒಳಗೆ ಕೈ ಹಾಕಿದರೆ ತಳದಲ್ಲಿ ಒಂದು ದಾರ ಸಿಕ್ಕಿತು. ಎಣ್ಣೆ ಕುಡಿದು ಕಪ್ಪಗಾಗಿದೆ, ಕಡ್ಡಿಯಂತೆ ಸೆಟೆದಿದೆ. ಗಂಟು ಹಾಗೇ ಇದೆ. ಗಂಟಿನ ಪಕ್ಕದಲ್ಲಿ ಕತ್ತರಿ ಹಾಕಿದ ಗುರುತಿದೆ. ಅಲ್ಲೇ ಕೂತುಬಿಟ್ಟೆ, ಅತ್ತೆ. ನಿಮ್ಮ ಗಂಟಿಗೆ ಯಾವತ್ತಾದರೂ ಕತ್ತರಿ ಬೇಕಾಗಿತ್ತೇ? ಅಂದರೆ ಅವತ್ತು ಜಾಡಿ ತೆರೆಯುವಾಗಲೇ ನಿಮಗೆ ಗೊತ್ತಾಯಿತೇ? ಗೊತ್ತಿದ್ದೂ ಪುಟ್ಟಮ್ಮನ ಎದುರು ನನ್ನನ್ನು ಕಾಯಲು ನಿಮ್ಮ ಕೈಯನ್ನೇ ಬೈದುಕೊಂಡಿರೇ? ಹಾಗಿದ್ದರೆ ಆಮೇಲೂ ಯಾಕೆ ಉಪ್ಪು ಮುಟ್ಟಲಿಲ್ಲ? ನಾನು ಬಾಯಿ ಬಿಡಲಿ ಅಂತ ಕಾದಿರೇನು, ಎರಡು ಬೇಸಿಗೆ? ಅಥವಾ ಏನೂ ಗೊತ್ತಿರಲಿಲ್ಲ. ಇದು ಬೇರೆ ಯಾವುದೋ ವರ್ಷದ ದಾರ, ಎಣ್ಣೆ ಇಳಿದು ನಿಮ್ಮದೇ ಕುಣಿಕೆ ಬಿಗಿದುಕೊಂಡಿತ್ತು, ಕತ್ತರಿಸಿದಿರಿ. ದಾರ ಬಿಸಾಡುವ ಜೀವವಲ್ಲ ನಿಮ್ಮದು, ಜಾಡಿಯೊಳಗೆ ಹಾಕಿಟ್ಟಿರಿ. ಹಾಗಾದರೆ ನಿಮ್ಮ ಕೈ ಸತ್ತಿತು ಅಂತ ನಂಬಿಕೊಂಡೇ ನೀವು... ಯಾವುದು ನನಗೆ ಕಡಿಮೆ ಪಾಪ ಅಂತಲೂ ತಿಳಿಯುತ್ತಿಲ್ಲ. ಬಿಸಿಲಿಗೆ ಹಿಡಿದು ನೋಡಿದೆ. ಒಂದು ಮಗ್ಗುಲಿನಿಂದ ಬ್ಯಾಗಿನ ಗಂಟಿನ ಹಾಗೆ ಕಾಣುತ್ತೆ, ಇನ್ನೊಂದು ಮಗ್ಗುಲಿನಿಂದ ನಿಮ್ಮದೇ ಅನ್ನಿಸುತ್ತೆ. ಗೀತಾಗೆ ತೋರಿಸಿದೆ. "ಅಮ್ಮ, ದಾರ ಅದು, ದಾರದ ಹಂಗಿದೆ" ಅಂದಳು.

ಉಪ್ಪಿನಕಾಯಿ ಹಾಕಿದ್ದೇನೆ. ಇವತ್ತಿಗೆ ಹನ್ನೆರಡು ದಿನ. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ದೇವರಿಗೇ ಗೊತ್ತು. ಬಿಚ್ಚಿಲ್ಲ. ವಾಸನೆ ಬಂದಂತೆ ಆದಾಗಲೆಲ್ಲ ಎದ್ದು ಬೀದಿಗೆ ಹೋಗಿ ನಿಲ್ಲುತ್ತೇನೆ. ತಿಂಗಳು ತುಂಬಿದ ದಿನ ಮೆಹರುನ್ನಿಸಾ, ಪುಟ್ಟಮ್ಮ ಇಬ್ಬರನ್ನೂ ಕೂರಿಸಿಕೊಂಡು ತೆರೆಯುತ್ತೇನೆ. ಚೆನ್ನಾಗಿದ್ದರೂ ಸರಿ, ಬೂಸ್ಟು ಬಂದಿದ್ದರೂ ಸರಿ, ಅವತ್ತು ಮುಟ್ಟಿದವಳು ನಾನು, ನಮ್ಮತ್ತೆಯ ಕೈಗೆ ಏನೂ ಆಗಿರಲಿಲ್ಲ ಅಂತ ಅವರ ಮುಂದೆ ಹೇಳುತ್ತೇನೆ. ನಿಮಗೆ ಕೊಡುವ ಮಾತು ಇದು. ನನ್ನ ಧೈರ್ಯ ನಿಮಗೆ ಗೊತ್ತೇ ಇದೆ, ಆದರೂ.

ಆ ದಾರವನ್ನು ನಿಮ್ಮ ಫೋಟೋದ ಮುಂದೆ, ಕುಂಕುಮದ ಬಟ್ಟಲಿನ ಪಕ್ಕ ಇಟ್ಟಿದ್ದೇನೆ. ನನ್ನ ಕಣ್ಣಿಗೆ ನಂಬಿಕೆಯಿಲ್ಲ. ಜಾಡಿ ತೆರೆಯಲು ಇನ್ನೂ ಹದಿನೆಂಟು ದಿನ ಇದೆ. ಅಷ್ಟರೊಳಗೆ ಇನ್ನೊಂದು ಸಲ ಸರಿಯಾಗಿ ನೋಡಿ ಅತ್ತೆ, ಕನಸಿಗೆ ಬಂದಾದರೂ ಹೇಳಿ. ಅದು ನಿಮ್ಮ ಗಂಟೋ, ನನ್ನದೋ?